ಕಡವಿನಲ್ಲಿ ಉಳಿದ ಓಲೆ

ಗೆಜ್ಜೆ ಮೊದಲು ಬರುತ್ತಿತ್ತು, ಆಮೇಲೆ ಅಂಗಾರ.
ಆಚೆ ದಡದ ಕೇದಗೆ ಮೆಳೆಯಲ್ಲಿ ಕೋಲಿನ ಸದ್ದು ಕೇಳಿದರೆ
ಉಣ್ಣುತ್ತಿದ್ದ ಅಪ್ಪ ಕೈ ತೊಳೆಯದೆ ಎದ್ದು
ಹಗ್ಗ ಬಿಚ್ಚುತ್ತಿದ್ದ.
ಅರಸನ ಓಲೆಯನ್ನು ಚಂದ್ರಗಿರಿ ಹೊಳೆಯೂ ಕಾಯಿಸಬಾರದೆಂದು ಕಟ್ಟಳೆ.
ಹೊಳೆಗೆ ಯಾರು ಹೇಳಿದ್ದರೋ ಕಾಣೆ;
ಇಳಿತದ ಹೊತ್ತು ಕೆಸರಲ್ಲಿ ದೋಣಿ ಕೂತರೆ
ಅರಸನೂ ಕೂರಬೇಕು.

ಕುಂಬಳೆಯಿಂದ ಬೇಕಲಕ್ಕೆ ಅವನ ಓಟ.
ಬೆನ್ನಿಗೆ ಬಿದಿರ ನಳಿಗೆ, ಅದರ ಬಾಯಿಗೆ ಅರಗಿನ ಮುದ್ರೆ.
ಅಕ್ಷರ ಬಾರದು, ತೂಕ ಬರುತ್ತಿತ್ತು:
"ಇದು ಮೆಣಸಿನ ಲೆಕ್ಕ, ಹೆಗಲು ಜಗ್ಗುತ್ತದೆ.
ಇದು ಮದುವೆಯದು, ಅರಿಶಿನ ಮೂಗಿಗೆ ಬಡಿಯಿತು."
ನಾನಾಗ ಗಂಜಿಗೆ ಉಪ್ಪು ಹಾಕುವಷ್ಟು ದೊಡ್ಡವಳು.
ಕೊನೆಕೊನೆಗೆ ಗೆಜ್ಜೆಯ ತಾಳ ಒಂದು ಹೆಜ್ಜೆ ತಪ್ಪುತ್ತಿತ್ತು.
ಕೇಳಿಸಿಕೊಂಡೆವು. ಕೇಳಲಿಲ್ಲ.

ಆಟಿಯ ಒಂದು ಬೆಳಗ್ಗೆ ದಾಟಿ ಹೋದವನು
ಸಂಜೆಯೊಳಗೆ ತಿರುಗಿ ಬಂದ,
ಗೆಜ್ಜೆಯನ್ನು ಮುಷ್ಟಿಯಲ್ಲಿ ಅದುಮಿ.
ಬೇಕಲದ ಬುರುಜಿನ ಮೇಲೆ ಬೇರೆ ಬಾವುಟ.
ಬಾಗಿಲಲ್ಲಿ ಬೇರೆ ಮಾತು, ಬೇರೆ ಮೀಸೆ.
ಓಲೆ ಯಾರಿಗೋ ಅವರು ಇಲ್ಲ.
ಮೊಗ್ರಾಲಿನವರೆಗೆ ಹೋಗಿ ವಿಚಾರಿಸಿದರೆ
ಬರೆಸಿದವರೂ ಕತ್ತಲಲ್ಲಿ ಹಡಗು ಹತ್ತಿದರಂತೆ.
ನಡುವೆ ಉಳಿದದ್ದು ಅಂಗಾರ,
ಒಂದು ಗೇಣು ತಾಳೆಗರಿ.

"ಸುಟ್ಟುಬಿಡು, ಸಿಕ್ಕರೆ ತಲೆ ಹೋದೀತು" ಎಂದ ಅಪ್ಪ.
"ಓಡುವುದು ನನ್ನ ಕೆಲಸ. ಸುಡುವುದಲ್ಲ."
ನಮ್ಮ ಮಾಡಿನ ಮುಳಿಹುಲ್ಲಿನೊಳಗೆ ನಳಿಗೆ ಸಿಕ್ಕಿಸಿ
ಆದೂರಿನ ಕಡೆ ಯಾರದೋ ಗದ್ದೆಗೆ ಕಾವಲು ನಿಂತ.

ಅಮಾವಾಸ್ಯೆಗೊಮ್ಮೆ ಬರುತ್ತಿದ್ದ.
ಕೇಳುತ್ತಿದ್ದದ್ದು ಒಂದೇ: "ಮುದ್ರೆ ಉಂಟಾ?"
"ಉಂಟು."
ಗಂಜಿ ಕುಡಿದು, ಕಂಬದಂಥ ಕಾಲನ್ನು
ಎತ್ತಿ ಎತ್ತಿ ಇಡುತ್ತ ಹೋಗುತ್ತಿದ್ದ.
ಹನ್ನೊಂದು ವರ್ಷ.
ಅಷ್ಟರಲ್ಲಿ ಬಾವುಟ ಇನ್ನೊಮ್ಮೆ ಬದಲಾಗಿತ್ತು,
ಅಪ್ಪನ ಕೈ ಸೋತು ಹುಟ್ಟು ನನ್ನದಾಗಿತ್ತು.

ಅವನು ಬಾರದ ಎರಡನೆಯ ಅಮಾವಾಸ್ಯೆ ಕಳೆದು
ಮಾಡು ಹೊದೆಸುವಾಗ ನಳಿಗೆ ಅಂಗಳಕ್ಕೆ ಬಿತ್ತು.
ಅರಗು ಒಡೆಯಿತು.
ನಾನು ಒಡೆದದ್ದಲ್ಲ, ಅಂಗಾರ, ಕೇಳಿಸಿಕೋ.
ದೋಣಿಗೆ ಕಾಯುತ್ತಿದ್ದ ಶಾನುಭೋಗರು
ಗರಿಗೆ ಮಸಿ ತಿಕ್ಕಿ, ಬಿಸಿಲಿಗೆ ಹಿಡಿದು ಓದಿದರು:

"ಮೆಣಸು ಎಂಟು ಖಂಡಿ ತಲುಪಿತು.
ಓಲೆ ತಂದವನ ಬಲಗಾಲು ಬಾತಿದೆ,
ತಾನಾಗಿ ಹೇಳುವವನಲ್ಲ.
ಮಳೆ ಮುಗಿಯುವ ತನಕ ಅಲ್ಲೇ ಇರಿಸಿ, ಅಕ್ಕಿ ಕೊಡಿಸಿ,
ಮದ್ದು ಹಚ್ಚಿಸಿ.
ಹಿಂದಕ್ಕೆ ಓಡಿಸಬೇಡಿ."

"ಹಳೇ ಲೆಕ್ಕ" ಎಂದು ಗರಿಯನ್ನು ನನ್ನ ಕೈಗಿಟ್ಟು
ಶಾನುಭೋಗರು ಕಚ್ಚೆ ಎತ್ತಿ ದೋಣಿ ಹತ್ತಿದರು.
ಆಚೆ ದಡದಲ್ಲಿ ಯಾರೋ ಕೂಗುತ್ತಿದ್ದರು.
ಇಳಿತ ಶುರುವಾಗಿತ್ತು.
ಕೆಸರು ಕಾಣುವ ಮೊದಲು ದಾಟಿಸಬೇಕು.