ಏಳು ಅಕ್ಷರದ ಬ್ಯಾನಿ

ಚೀಟಿಯ ಮೇಲಿನ ಆ ಹೆಸರು
ಮೊದಲು ಬಂದದ್ದು ವೈಜಿನಾಥನ ಕಿಟಕಿಗೆ.
"ಫೀವರ್ ಅಂತ ಬರಕೊಳ್ಲೇನ್ರಿ?" ಅಂದ.
ಜ್ವರ ಅಲ್ಲಪ್ಪ, ಅಂದೆ. ಮುಂದೇನೆಂದು ನನಗೂ ತಿಳಿಯದು.
ಆಟೋದವನ ಬಾಯಲ್ಲಿ ಅದು ಸೈತಾನನಾಯಿತು.
ಜೈತುನ್‌ಬೀ ಸೆರಗಿನೊಳಗೆ ಮಣಮಣ ಅನ್ನುತ್ತಿದ್ದರು:
ಪಿಯಾ, ಕರಮ್, ಸೈತೋ, ಮಾ...
ಅವರಲ್ಲಿ ಕರಮ್ ಅಂದರೆ ಕೃಪೆ,
ನಮ್ಮಲ್ಲಿ ಕರ್ಮ.
ಮೈಲೂರು ಕ್ರಾಸ್ ದಾಟುವವರೆಗೂ
ಎರಡೂ ನಮ್ಮ ನಡುವೆ ಕೂತು ಕುಲುಕಾಡಿದವು.

ಡಾಕ್ಟರಮ್ಮ ಇನ್ನೂ ಹುಡುಗಿ. ಪೆನ್ನಿನ ತುದಿಯಿಂದ
ಕಬ್ಬನ್ನು ಗಿಣ್ಣಿಗೆ ಸರಿಯಾಗಿ ಕಡಿದ ಹಾಗೆ ಕಡಿದಳು:
ಫಿಯೋ, ಮಬ್ಬುಗಪ್ಪು.
ಕ್ರೊಮೊ, ಬಣ್ಣ.
ಸೈಟೊ, ಅದು ಜೀವಕೋಶ. ಓಮಾ ಅಂದರೆ ಗಂಟು.
ಮೂತ್ರಪಿಂಡದ ನೆತ್ತಿಗೆ ಟೋಪಿಯಂಥ ಗ್ರಂಥಿ,
ಅದರೊಳಗೆ ಕೂತು, ಮನಸ್ಸು ಬಂದಾಗ
ರಕ್ತಕ್ಕೆ ಚಾಟಿ ಬೀಸುತ್ತದೆ.
ಅದಕ್ಕೇ ಆ ಬೆವರು, ಆ ತಲೆಸಿಡಿತ,
ಉಳಿ ಹಿಡಿದ ಕೈ ಒಮ್ಮೆಲೇ ನಡುಗಿದ್ದು.
ಸೈಟೊ, ಓಮಾ: ಎರಡು ಓಕಾರ ಕೂಡಿ ಒಂದಾದದ್ದು
ಲೋಪವೋ ಸವರ್ಣದೀರ್ಘವೋ ಅಂತ
ನಾನೊಬ್ಬಳು, ಅಂಥ ಹೊತ್ತಿನಲ್ಲೂ.

ಯಾಕೂಬಲಿ ಉಸ್ತಾದರು ಮಾತ್ರ
ಮೊದಲ ತುಣುಕಿಗೇ ನಿಂತುಬಿಟ್ಟಿದ್ದರು.
"ಕಪ್ಪು ಅಂದ್ರ ಎಂಥ ಕಪ್ಪವ್ವಾ?"
ನಲವತ್ತೆರಡು ವರ್ಷ ಕೋಟೆಯ ಮಣ್ಣನ್ನು
ನಾಲಿಗೆಗೆ ಹಚ್ಚಿ, ಇದು ಹತ್ತುತ್ತದೆ, ಇದು ಹತ್ತದು ಎಂದವರು.
ನವಸಾಗರ ಕಲಸಿದ ಮಣ್ಣು ಸವರಿದರೆ
ಬೆಳ್ಳಿಯೊಂದನ್ನು ಬಿಟ್ಟು ಹೂಜಿಯೆಲ್ಲ ಕಪ್ಪೇರುವುದನ್ನು
ದಿನಾ ಕಂಡವರು.
"ಒಂದು ಥರದ ಉಪ್ಪು ತಾಗಿದರೆ
ಆ ಕೋಶಗಳು ಮಬ್ಬಾಗುತ್ತವೆ, ಅಜ್ಜಾ. ಅದಕ್ಕೇ ಆ ಹೆಸರು."
ಉಸ್ತಾದರು ನಕ್ಕರು. ಮೂರು ತಿಂಗಳಲ್ಲಿ ಮೊದಲ ಸಲ.
"ಒಳಗೂ ಒಂದು ಕಾರಖಾನಿ ಇಟ್ಟಾನ ನೋಡ್ರಿ ಅಂವ,
ಬೆಳ್ಳಿ ಕೂಡ್ಸೋದು ಮರತಾನ."

ಆಮೇಲೆ, ನಾಲಿಗೆ ಮೇಲೆ ಮಣ್ಣಿಟ್ಟುಕೊಂಡವರ ಹಾಗೆ
ತಡೆದು ತಡೆದು, ಉಗುರಿನಿಂದ ಸ್ಟೀಲು ಬೆಂಚು ಬಡಿಯುತ್ತ:
ಫಿ. ಯೋ. ಕ್ರೊ. ಮೊ. ಸೈ. ಟೋ. ಮಾ.
ಒಂದೂ ತಪ್ಪಲಿಲ್ಲ.
ವೈಜಿನಾಥ ಅದನ್ನೇ ಕೇಳಿ ಕೇಳಿ ಬರೆದುಕೊಂಡ.

ಇವತ್ತು ಹೈದರಾಬಾದಿನಲ್ಲಿ ಅವರನ್ನು ಕೊಯ್ಯುತ್ತಾರೆ.
ನನಗೆ ಇಲ್ಲಿ ಹತ್ತನೇ ತರಗತಿಗೆ ಛಂದಸ್ಸು.
ಪುಸ್ತಕದ ಪದ್ಯ ಬಿಟ್ಟು ಬೋರ್ಡಿನ ಮೇಲೆ ಇದನ್ನೇ ಬರೆದೆ.
ಯಾಕೆಂದು ಯಾರೂ ಕೇಳಲಿಲ್ಲ,
ಪರೀಕ್ಷೆಗೆ ಬರುತ್ತದೇನು ಅಂತ ಒಬ್ಬ ಕೇಳಿದ.
ಭಾಗವಂತಿ ಬಂದು ಸೀಮೆಸುಣ್ಣದಲ್ಲಿ ಪ್ರಸ್ತಾರ ಹಾಕಿದಳು.
ಮೂರಕ್ಷರ, ಜಗಣ.
ಮತ್ತೆ ಮೂರು, ಯಗಣ.
ಕೈ ನಿಂತಿತು.
"ಟೀಚರ್, ಕೊನಿಗಿ ಒಂದು ಗುರು ಉಳದದ್ರಿ. ಏನ್ ಮಾಡ್ಲಿ?"
ಮೇಜಿನ ಮೇಲೆ ಫೋನು ಅಂಗಾತ ಮಲಗಿತ್ತು,
ಇನ್ನೂ ಬಾಯಿ ಬಿಟ್ಟಿರಲಿಲ್ಲ.
"ಇರಲಿ" ಅಂದೆ. "ಅಳಸಬ್ಯಾಡ."