ಕೊಕ್ಕೆ

‘ಕ್ರೂಕ್ಡ್’ ಅಂತ ಓದಿ ಏಳನೆಯ ಇಯತ್ತೆಯಲ್ಲಿ ನಗೆಪಾಟಲಾದೆ.
‘ಕ್ರುಕೆಡ್,’ ತಿದ್ದಿದರು ಗಲಗಲಿ ಟೀಚರ್,
‘ಕಡೀಕ ಕೆಡತೈತಿ ನೋಡು, ಹಂಗ ನೆನಪಿಟ್ಕೊ.’
ಅರ್ಥ: ಡೊಂಕಾದ, ಮೋಸದ.
ನಡುವೆ ಒಂದು ಅಲ್ಪವಿರಾಮ, ಅಷ್ಟೇ.

ಸಂಜೆ ಹಳೇ ಬಾಗಲಕೋಟೆಯ ನಮ್ಮ ಓಣಿಯಲ್ಲಿ
ಅಪ್ಪ ಮೊಳೆ ನೆಟ್ಟಗೆ ಮಾಡುತ್ತಿದ್ದ.
ಮುಳುಗಲಿರುವ ಮನೆಗಳನ್ನು ಜನ ತಾವೇ ಬಿಚ್ಚುತ್ತಿದ್ದ ವರುಷ;
ತೊಲೆ ಒಬ್ಬರಿಗೆ, ಬಾಗಿಲು ಒಬ್ಬರಿಗೆ,
ಮೊಳೆ ಮಾತ್ರ ಮಾನಪ್ಪ ಬಡಿಗೇರನಿಗೆ, ಕಿಲೋ ಲೆಕ್ಕ.
ರೈಲುಪಟ್ಟಿಯ ತುಂಡಿನ ಮೇಲಿಟ್ಟು
ಹೊರಳಿಸಿ ಹೊರಳಿಸಿ ಟಣ್ ಟಣ್,
ಬಾಣಂತಿಯ ಬೆನ್ನು ನೀವಿದ ಹಾಗೆ.

‘ಯಪ್ಪಾ, ಇದಕ್ಕ ಇಂಗ್ಲೀಷಿನ್ಯಾಗ ಕ್ರುಕೆಡ್ ಅಂತಾರ.
ಮೋಸಗಾರಗೂ ಅದ ಶಬ್ದ.’
ಸುತ್ತಿಗೆ ಗಾಳಿಯಲ್ಲೇ ನಿಂತಿತು.
‘ಮೊಳಿ ಯಾರಿಗೆ ಮೋಸ ಮಾಡೇತಿ?
ಹೊಡದಾಂವ ವಾರಿ ಹೊಡದ, ಇದು ಬಾಗಿತು.’

ಆಮೇಲೆ ಹೇಳಿದ, ತುಟಿಯಲ್ಲಿ ಎರಡು ಮೊಳೆ ಕಚ್ಚಿಕೊಂಡೇ.
ಸರ್ವೇಕ್ಕೆ ಬಂದಿದ್ದ ಸಾಹೇಬನ
ಇಸ್ತ್ರಿ ಮುರಿಯದ ಪ್ಯಾಂಟು, ಸೆಟೆದ ಬೆನ್ನು,
ಪಟ್ಟಿಯಿಟ್ಟು ಎಳೆದ ಗೆರೆ, ಎಂಥ ಗೆರೆ!
ಆ ಗೆರೆಯೊಳಗೆ ನಮ್ಮ ಐದಂಕಣದ ಮನೆ
ಮೂರೇ ಅಂಕಣವಾಗಿ ಕೂತಿತ್ತು.
ಬಿಟ್ಟುಹೋದ ಎರಡರಲ್ಲಿ
ಅವ್ವ ನನ್ನನ್ನು ಹಡೆದಿದ್ದಳು, ಅಮ್ಮ ಕಣ್ಣು ಮುಚ್ಚಿದ್ದಳು.
‘ಅಂವಂದು ಎಲ್ಲಿ ಡೊಂಕಿತ್ತು, ತೋರಸು?’

ಎಷ್ಟೋ ವರ್ಷದ ಮೇಲೆ, ನವನಗರದ ಗ್ರಂಥಾಲಯದಲ್ಲಿ
ಬೆನ್ನು ಹರಿದ ನಿಘಂಟೊಂದು ಹೇಳಿತು:
ಬಡಗಣ ಕಡಲಿನ ಹಡಗಿನವರ ಮಾತಂತೆ ಅದು ಮೂಲದಲ್ಲಿ.
ಕುರಿ ಕಾಯುವವರ ಬಾಗಿದ ಬಡಿಗೆಗೂ ಬಂತಂತೆ ಆ ಹೆಸರು.
ಮೊದಲ ಅರ್ಥ ಇಷ್ಟೇ: ಕೊಕ್ಕೆ.

ಕಣ್ಣಮುಂದೆ ಬಂದದ್ದು ಪಾತಾಳಗರಡಿ.
ಓಣಿಗೆಲ್ಲ ಒಂದೇ, ನಮ್ಮ ಪಡಸಾಲೆಯ ಗೂಟಕ್ಕೆ.
ಯಾರ ಕೊಡ ಬಾವಿಗೆ ಬಿದ್ದರೂ
ಒಂದು ಪಾತ್ರೆ ಒತ್ತೆಯಿಟ್ಟು ಒಯ್ಯುತ್ತಿದ್ದರು.
ಮೈಯೆಲ್ಲ ಕೊಕ್ಕೆ, ಮೈಯೆಲ್ಲ ಸೊಟ್ಟ.
ಹಗ್ಗ ಇಳಿಬಿಟ್ಟು ಕತ್ತಲಲ್ಲಿ ತಡಕಿದರೆ
ಬಿಂದಿಗೆ, ಗಿಂಡಿ, ಒಮ್ಮೆ ನೀಲವ್ವನ ಕಾಲ್ಗಡಗ ಸಹ,
ಅವರವರದು ಅವರವರಿಗೆ.
ನೆಟ್ಟನೆಯ ಸಳಿಗೆ ಆಗದ ಕೆಲಸ.

ಬಾವಿಯ ಮೇಲೆ ಈಗ ಘಟಪ್ರಭೆಯ ಹಿನ್ನೀರು,
ನೀರಿನ ಮೇಲೆ ಬೆಳ್ಳಕ್ಕಿ.
ಗರಡಿ ನನ್ನ ಹತ್ತಿರವಿದೆ, ನಲವತ್ತೇಳನೇ ಸೆಕ್ಟರಿನಲ್ಲಿ,
ಅದಕ್ಕೊಂದು ಹೂವಿನ ಕುಂಡ ತೂಗುಬಿಟ್ಟಿದ್ದೇನೆ.
ಓಣಿ ಚದುರಿದ ಗದ್ದಲದಲ್ಲಿ
ಒತ್ತೆಯ ತಂಬಿಗೆಯೊಂದು ಉಳಿದುಬಿಟ್ಟಿತು,
ಹಿತ್ತಾಳೆಯದು, ಕಂಠದಲ್ಲಿ ಯಾರದೋ ಹೆಸರಿನ ಅರ್ಧ.
ಕೇಳಿಕೊಂಡು ಯಾರೂ ಬರಲಿಲ್ಲ.
ನಾನೂ ಹುಡುಕಿಕೊಂಡು ಹೋಗಲಿಲ್ಲ.

ದಿನಾ ಅದರಿಂದಲೇ ಕುಂಡಕ್ಕೆ ನೀರು ಹಾಕುತ್ತೇನೆ,
ಹೆಸರಿದ್ದ ಬದಿ ಗೋಡೆಗೆ ತಿರುಗಿಸಿ.