ಸಡಿಲಿಸದ ತಂತಿಗಳು

ನುಡಿಸಿ ಮುಗಿಸಿದ ಮೇಲೆ ಹೊವಾಪಿಲಿ ಮಾವ
ಗಿಟಾರು ಕೆಳಗಿಡುವ ಮುನ್ನ
ಆರೂ ಬಿರಡೆಗಳ ಕಿವಿ ಹಿಂಡಿ
ಶ್ರುತಿ ಕೆಡಿಸಿಯೇ ಇಡುತ್ತಿದ್ದ.
ಬಂದವರು ಕೈಯಾಡಿಸಿದರೆ ಬರೀ ತಗಡಿನ ಸದ್ದು.
ಮನೆತನದ ಶ್ರುತಿ, ಪರರ ಕಿವಿಗೆ ಬೀಳಬಾರದು,
ಅಂತ ಅವನಪ್ಪ ಹೇಳಿದ್ದನಂತೆ, ಅವನಪ್ಪನಿಗೆ ಇನ್ಯಾರೋ.
ನಾವು ಮನೆಯವರೇ. ಆದರೂ
ನುಡಿಸುವಾಗ ನಮಗೂ ಬೆನ್ನು.

ಹೊನೊಕಾದಲ್ಲಿ ಸಕ್ಕರೆ ಗಿರಣಿಯ ಸಿಳ್ಳೆ ನಿಂತು ಎಷ್ಟೋ ಕಾಲ.
ನಾನು ಬೇಕರಿಯಲ್ಲಿ ಮಲಸಾಡ ಕರಿಯುವವಳು.
ಬೆಳಗಿನ ಮೂರಕ್ಕೆ ಹಿಟ್ಟು ನಾದಿ, ಬಟ್ಟೆ ಮುಚ್ಚಿ,
ಅದು ಹುದುಗುವ ಒಂದೂವರೆ ಗಂಟೆ
ಗೋಡೆಯಾಚೆಯಿಂದ ಕದ್ದು ಕೇಳಿದ್ದನ್ನು
ಹಿಂಬಾಗಿಲ ಮೆಟ್ಟಿಲಲ್ಲಿ ಕೂತು ಹುಡುಕುತ್ತಿದ್ದೆ.
ಹತ್ತು ವರ್ಷ. ಎಲ್ಲ ತಪ್ಪು ಶ್ರುತಿಯಲ್ಲಿ.
ಸುಟ್ಟ ಬೆರಳ ತುದಿಗೆ ಉಕ್ಕಿನ ತಂತಿ
ಎಣ್ಣೆಗಿಂತ ಬಿಸಿ.

ಅವನು ಬಿದ್ದದ್ದು ಒಂದು ಮಂಗಳವಾರ, ನುಡಿಸುತ್ತಿದ್ದಾಗಲೇ.
ಆಸ್ಪತ್ರೆಗೆ ಓಡಿದೆವು, ನಾಲ್ಕು ದಿನಕ್ಕೆ ಮರಳಿದೆವು.
ಕುರ್ಚಿಗೊರಗಿದ ಗಿಟಾರನ್ನು ಯಾರೂ ಮುಟ್ಟಿರಲಿಲ್ಲ.
ಸುಮ್ಮನೆ ಹೆಬ್ಬೆರಳು ಎಳೆದೆ, ಆರೂ ತಂತಿಯ ಮೇಲೆ, ಒಮ್ಮೆ.

ಅಯ್ಯೋ,
ಬಾಗಿಲು ತೆರೆದೇ ಇತ್ತು.

ಆರನೆಯದು ಇಳಿದೂ ಇಳಿದು ಮರದ ಗೊರಕೆ.
ಎರಡನೆಯದು ಅರ್ಧ ಮೆಟ್ಟಿಲು, ಅಷ್ಟೇ, ಅರ್ಧವೇ ಮೆಟ್ಟಿಲು;
ನಾನು ಹತ್ತು ವರ್ಷ ಇಡೀ ಮೆಟ್ಟಿಲಿಳಿದು ಬೀಳುತ್ತಿದ್ದೆ.
ಬ್ರೆಡ್ಡಿನ ಚೀಲದ ಮೇಲೆ ಬರೆದುಕೊಂಡೆ.
ಕದ್ದೆನೋ, ಪಡೆದೆನೋ,
ಆ ಹೊತ್ತಿಗೆ ಕೇಳಿಕೊಳ್ಳಲಿಲ್ಲ.

ಮಾವನಿಗೆ ಮಾತು ಹೋಗಿತ್ತು; ತಲೆ ಮಾತ್ರ ಆಡುತ್ತಿತ್ತು.
ಮಂಚದ ಪಕ್ಕ ಕೂತು ನುಡಿಸಿದೆ.
ಹೆಬ್ಬೆರಳು ಗಾಣದೆತ್ತು, ತನ್ನ ಸುತ್ತು ತಾನು ತಪ್ಪದು,
ಮಿಕ್ಕವು ಅದರ ಬೆನ್ನ ಮೇಲೆ ಕುಣಿಯಬೇಕು.
ಕಣಿವೆಯ ತಿರುವಿನವರೆಗೆ ಸರಿ
(ಹಾಗಂತ ನಾನೇ ಹೆಸರಿಟ್ಟಿದ್ದೆ).
ಅಲ್ಲಿ ರಾಗ ಮೂರು ಸ್ವರ ಕೆಳಕ್ಕಿಳಿಯುತ್ತದೆ.
ಇಳಿಸಿದೆ. ಅಲ್ಲ.
ಬೇಗ ಇಳಿಸಿದೆ. ಅಲ್ಲ.
ಮೆತ್ತಗೆ. ಅಲ್ಲ.
ಹದಿನೇಳು ದಿನ, ಅಲ್ಲ.

ಒಂದು ಸಂಜೆ, ರೇಗಿದನೋ ನಕ್ಕನೋ,
ಹೊದಿಕೆಯಡಿಯಿಂದ ಎಡಗೈ ಎತ್ತಿ ನನ್ನ ಮುಖಕ್ಕೆ ಹಿಡಿದ.
ಆ ಕೈ ನಾನು ಕಾಣದ್ದೇನಲ್ಲ.
ಉಂಗುರದ ಬೆರಳಿರಬೇಕಾದಲ್ಲಿ ಬರೀ ಗೆಣ್ಣು,
ಉಳಿದದ್ದನ್ನು ಗಿರಣಿಯ ಉರುಳೆ ಎಂದೋ
ಕಬ್ಬಿನ ಜೊತೆ ಅರೆದಿತ್ತು.
ಕಂಡೂ ಕಂಡೂ ಕಂಡಿರಲಿಲ್ಲ:
ನಡುವಿನ ಸ್ವರಕ್ಕೆ ಅವನಲ್ಲಿ ಬೆರಳೇ ಇಲ್ಲ.
ಕಿರುಬೆರಳು ತಂತಿ ಬಿಡದೆ ಜಾರಿ ಬರಬೇಕು,
ಬರುವಷ್ಟರಲ್ಲಿ ಒಂದು ಉಸಿರು ತಡ.
ಆ ತಡವನ್ನು ನಾನು ಚೊಕ್ಕಟವಾಗಿ ತುಂಬಿದ್ದೆ
ನನಗಿದ್ದ ಒಂದು ಹೆಚ್ಚಿನ ಬೆರಳಿನಿಂದ.

ಬೆರಳು ಮಡಿಸಿ ಬ್ಯಾಂಡೇಜು ಸುತ್ತಿದೆ.
ಜಾರಿದೆ.
ತಲೆ ಆಡಲಿಲ್ಲ. ಕಣ್ಣು ಮುಚ್ಚಿದ, ನಿದ್ದೆಗೆ.

ಈಗ ಶನಿವಾರ ಮಧ್ಯಾಹ್ನ, ಎರಡನೇ ಹಿಟ್ಟಿನ ಹೊತ್ತಿಗೆ,
ಎಲ್ಪಿಡಿಯಾ ಬರುತ್ತಾಳೆ, ಅಂಚೆಯವನ ಮಗಳು, ಹದಿಮೂರು.
ನಮ್ಮ ಮನೆತನವಲ್ಲ;
ಅವಳ ಮುತ್ತಜ್ಜ ಇಲೋಕೋಸಿನಿಂದ ಹಡಗು ಹತ್ತಿದವನು.
ಮೊದಲ ದಿನ ನನ್ನ ಕೈ, ಯಾರ ಅಭ್ಯಾಸವೋ,
ಬಿರಡೆಯತ್ತ ಹೋಗಿ ಹಿಂದೆ ಬಂತು.
ಶ್ರುತಿ ಕೂಡಿದ್ದ ಹಾಗೆಯೇ ಅವಳ ತೊಡೆಗಿಟ್ಟೆ.

ಬೆರಳು ಮಡಿಸು ಅನ್ನಲೇ?
ಅನ್ನಲಿಲ್ಲ. ಆ ಕೈಯ ಕಥೆ ಹೇಳಿದೆ.
ತನ್ನ ಐದನ್ನೂ ತಿರುಗಿಸಿ ನೋಡಿಕೊಂಡಳು.
ತಿರುವು ಬಂದಾಗ ಕಿರುಬೆರಳನ್ನು ಇನ್ನೂ ಮೇಲಕ್ಕೆ ಚಾಚಿ
ಯಾರೂ ಅಲ್ಲಿಡದ ಒಂದು ಸ್ವರದಿಂದ ಜಾರಿ
"ತಪ್ಪಾಯ್ತಾ?" ಅಂದಳು.

ತಲೆಯಾಡಿಸಲು ಹೊರಟೆ.
ಇನ್ನೊಮ್ಮೆ, ಅಂದೆ.
ಅಷ್ಟರಲ್ಲಿ ಹಿಟ್ಟು ಬಟ್ಟೆಯನ್ನೆತ್ತಿ
ಪಾತ್ರೆಯ ಅಂಚು ದಾಟಿತ್ತು.